ಮಳೆಗಾಲದ ಮಲೆನಾಡು ಮತ್ತು ಮೊಬೈಲ್ ಕ್ಯಾಮೆರಾ: ಬಿಳಿಯ ಮಂಜು ಫೋಟೊದಲ್ಲಿ ಬೂದಾಗುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ; ಮನೆಯ ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಸುಮಾರು ಹದಿನೈದು ಸಾವಿರ ರೂಪಾಯಿಯ ಆಂಡ್ರಾಯ್ಡ್ ಫೋನಿನಲ್ಲಿ ಫೋಟೊ ತೆಗೆಯುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಬಿಸಿಲು ಚೆನ್ನಾಗಿರುವ ಡಿಸೆಂಬರ್, ಜನವರಿಯಲ್ಲಿ ಚಿತ್ರಗಳು ತಕ್ಕಮಟ್ಟಿಗೆ ಬರುತ್ತವೆ. ಆದರೆ ಮಳೆ ಹಿಡಿದ ಮೇಲೆ ಮೂರು ತೊಂದರೆಗಳು ಬಿಡದೆ ಕಾಡುತ್ತಿವೆ.

ಬೆಳಗಿನ ಹೊತ್ತು ಗುಡ್ಡದ ಮೇಲೆ ಮಂಜು ಕವಿದಿರುವಾಗ ಕಣ್ಣಿಗೆ ಅದು ಬೆಳ್ಳಗೆ ಕಾಣುತ್ತದೆ. ಫೋಟೊದಲ್ಲಿ ಮಾತ್ರ ಬೂದು ಬಣ್ಣಕ್ಕೆ ತಿರುಗಿ ಇಡೀ ಚಿತ್ರ ಮಂಕಾಗುತ್ತದೆ. ತೋಟದೊಳಗೆ ನಿಂತು ತೆಗೆದರೆ ಸೋಗೆಗಳ ನಡುವಿನ ಆಕಾಶ ಬಿಳಿಯ ತೂತುಗಳಾಗಿ ಬರುತ್ತದೆ, ಇಲ್ಲವೇ ಮರಗಳೆಲ್ಲ ಕಪ್ಪಾಗುತ್ತವೆ. ಸಂಜೆ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುವವರ ಮುಖ ಸ್ಪಷ್ಟವಾಗಿ ಬಂದರೂ ಕೈಗಳು ಕಲಸಿಹೋಗುತ್ತವೆ.

ನೂರೆಂಟು ಮೆಗಾಪಿಕ್ಸೆಲ್ಲಿನ ಹೊಸ ಫೋನ್ ಕೊಳ್ಳುವಂತೆ ಪರಿಚಯದವರು ಹೇಳುತ್ತಿದ್ದಾರೆ. ಕೊಳ್ಳುವ ಮೊದಲು, ಕೈಯಲ್ಲಿರುವ ಫೋನಿನಲ್ಲಿಯೇ ಕಲಿಯಬಹುದಾದದ್ದು ಇನ್ನೂ ಇದೆಯೇ ಎಂದು ತಿಳಿದವರು ಹೇಳಬೇಕು. ಒಂದು ಒಳ್ಳೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ನಡುಮನೆಯ ಗೋಡೆಗೆ ಹಾಕಬೇಕೆಂಬ ಆಸೆಯೂ ಇದೆ.

ಉತ್ತರ: ಸಾಗರದ ಹವ್ಯಾಸಿ

ನಿಮ್ಮ ಮೊದಲ ಎರಡು ತೊಂದರೆಗಳ ಮೂಲ ಒಂದೇ, ಅದಕ್ಕೂ ಮೆಗಾಪಿಕ್ಸೆಲ್ಲಿಗೂ ಸಂಬಂಧವಿಲ್ಲ. ಎದುರಿಗಿರುವುದು ಬಿಳಿಯ ಮಂಜೋ ಕರಿಯ ಬಂಡೆಯೋ ಎಂಬುದು ಕ್ಯಾಮೆರಾದ ಬೆಳಕಿನ ಅಳತೆಗೆ ತಿಳಿಯದು. ದೃಶ್ಯದ ಸರಾಸರಿ ಹೊಳಪು ನಡುಬಗೆಯ ಬೂದಿಗೆ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಹಿಂದಿರುಗಿಸುವ ಮೇಲ್ಮೈಯ ಮಟ್ಟಕ್ಕೆ, ಸಮನಾಗಿರಬೇಕೆಂಬ ಲೆಕ್ಕದ ಮೇಲೆ ಅದು ಕೆಲಸ ಮಾಡುತ್ತದೆ. ಈಚಿನ ಫೋನುಗಳು ದೃಶ್ಯವನ್ನು ಗುರುತಿಸಿ ಒಂದಿಷ್ಟು ತಿದ್ದಿಕೊಳ್ಳುತ್ತವೆಯಾದರೂ, ಚೌಕಟ್ಟಿನ ಮುಕ್ಕಾಲು ಭಾಗ ಮಂಜೇ ತುಂಬಿರುವಾಗ ಹಳೆಯ ಲೆಕ್ಕವೇ ಮೇಲುಗೈ ಸಾಧಿಸುತ್ತದೆ. ಬಿಳಿಯದು ಹೆಚ್ಚಾಗಿದೆ ಎಂದರೆ ಬೆಳಕು ಹೆಚ್ಚಾಗಿದೆ ಎಂದು ಭಾವಿಸಿ ಅದು ಚಿತ್ರವನ್ನು ಕತ್ತಲಾಗಿಸುತ್ತದೆ.

ಪರಿಹಾರ ನಿಮ್ಮ ಬೆರಳಿನಲ್ಲಿಯೇ ಇದೆ. ಪರದೆಯ ಮೇಲೆ ಮುಖ್ಯ ವಸ್ತುವಿನ ಜಾಗದಲ್ಲಿ ಬೆರಳಿಟ್ಟು ಒತ್ತಿ ಹಿಡಿಯಿರಿ. ಬಹುತೇಕ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕಿನ ಪ್ರಮಾಣ ಎರಡೂ ಅಲ್ಲಿಗೆ ಬೀಗ ಹಾಕಿಕೊಳ್ಳುತ್ತವೆ, ಪಕ್ಕದಲ್ಲಿ ಸೂರ್ಯನ ಗುರುತಿರುವ ಒಂದು ಪಟ್ಟಿ ಕಾಣಿಸುತ್ತದೆ. ಅದನ್ನು ಮೇಲಕ್ಕೆ ಜಾರಿಸಿದರೆ ಚಿತ್ರ ಬೆಳಗುತ್ತದೆ, ಕೆಳಕ್ಕೆ ಜಾರಿಸಿದರೆ ಕಪ್ಪಾಗುತ್ತದೆ. ಎಲ್ಲವನ್ನೂ ನಾವೇ ಹೊಂದಿಸಿಕೊಳ್ಳಬಹುದಾದ ಪ್ರೊ ಮೋಡ್‌ನಲ್ಲಿ ಇದೇ ನಿಯಂತ್ರಣ ‘ಇವಿ’ ಎಂಬ ಹೆಸರಿನಲ್ಲಿರುತ್ತದೆ. ಅಲ್ಲಿ ಒಂದು ಅಂಕೆ ಏರಿಸಿದರೆ ಬೆಳಕು ಎರಡು ಪಟ್ಟಾಗುತ್ತದೆ. ಮಂಜಿಗೆ +0.7ರಿಂದ +1ರವರೆಗೆ ಏರಿಸಿ ನೋಡಿ. ಸಕ್ರೆಬೈಲಿನ ಬಿಡಾರದಲ್ಲಿ ಆನೆಯನ್ನು ಹತ್ತಿರದಿಂದ ತೆಗೆಯುವಾಗ ಆಗುವುದು ಇದರ ತಿರುವುಮುರುವು: ಚೌಕಟ್ಟು ತುಂಬ ಕಪ್ಪು ಮೈಯೇ ಇರುವುದರಿಂದ ಫೋನು ಬೆಳಕನ್ನು ಏರಿಸುತ್ತದೆ, ಆನೆ ಬೂದಿ ಬಳಿದುಕೊಂಡಂತೆ ಪೇಲವವಾಗುತ್ತದೆ, ಹಿಂದಿನ ತುಂಗೆಯ ನೀರು ಬಿಳಿಚಿಕೊಳ್ಳುತ್ತದೆ. ಅಲ್ಲಿ ಪಟ್ಟಿಯನ್ನು ಕೆಳಗಿಳಿಸಬೇಕು.

ತೋಟದ ಸಮಸ್ಯೆಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕೂ ಸೇರಿದೆ. ನೆರಳಿಗೂ ಆಕಾಶಕ್ಕೂ ಇರುವ ಹೊಳಪಿನ ಅಂತರವನ್ನು ಬೆಳಕನ್ನು ಗ್ರಹಿಸುವ ಫೋನಿನ ಚಿಕ್ಕ ಸೆನ್ಸರ್ ಒಂದೇ ಸಲಕ್ಕೆ ಹಿಡಿಯಲಾರದು. ಎಚ್‌ಡಿಆರ್ ಎಂಬ ವ್ಯವಸ್ಥೆ ಒಂದರ ಹಿಂದೆ ಒಂದರಂತೆ ಹಲವು ಚಿತ್ರಗಳನ್ನು ತೆಗೆದು ಬೆಸೆಯುವ ಮೂಲಕ ಈ ಕೊರತೆಯನ್ನು ತುಂಬಲು ಯತ್ನಿಸುತ್ತದೆ. ಆದರೆ ಗಾಳಿಗೆ ಸೋಗೆ ಅಲುಗಾಡುತ್ತಿದ್ದರೆ ಆ ಚಿತ್ರಗಳು ಒಂದಕ್ಕೊಂದು ಹೊಂದದೆ, ಎಲೆಯ ಅಂಚಿನಲ್ಲಿ ಎರಡೆರಡು ಗೆರೆ ಮೂಡುವುದುಂಟು. ನನ್ನ ಅಭಿಪ್ರಾಯದಲ್ಲಿ ತೋಟದೊಳಗಿನ ಚಿತ್ರದಿಂದ ಆಕಾಶವನ್ನೇ ಬಿಟ್ಟುಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಫೋನನ್ನು ತುಸು ಕೆಳಕ್ಕೆ ತಿರುಗಿಸಿ ಕಾಂಡಗಳ ಸಾಲು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬುಡದ ಕಾಲುವೆ ಇಷ್ಟನ್ನೇ ಇಟ್ಟುಕೊಳ್ಳಿ. ನೀವು ದೂರುತ್ತಿರುವ ಮೋಡದ ದಿನವೇ ಇದಕ್ಕೆ ಸೂಕ್ತ, ಏಕೆಂದರೆ ಆಗ ನೆಲದ ಮೇಲೆ ಬಿಸಿಲಿನ ಚುಕ್ಕೆಗಳಿರುವುದಿಲ್ಲ, ಒದ್ದೆ ಎಲೆಯ ಹಸಿರು ಗಾಢವಾಗಿ ಬರುತ್ತದೆ.

ತೋಟದೊಳಗೆ ಜನರ ಮುಖಕ್ಕೆ ಹಸಿರು ಛಾಯೆ ಅಂಟುವುದೂ ಉಂಟು. ಎಲೆಗಳ ಮೂಲಕ ಸೋಸಿ ಬರುವ ಬೆಳಕಿನ ಬಣ್ಣವೇ ಅದು. ಅವರನ್ನು ತೋಟದ ಅಂಚಿಗೆ, ಅಂಗಳದ ಕಡೆ ಮುಖ ಮಾಡಿ ನಿಲ್ಲಿಸಿದರೆ ಆ ತೊಂದರೆ ಬಹಳಷ್ಟು ತಪ್ಪುತ್ತದೆ.

ಉತ್ತರ: ಶಿವಮೊಗ್ಗದ ಹಳೆಯ ಸ್ಟುಡಿಯೊದವರು

ಮೇಲಿನವರು ಹೇಳಿದ್ದು ಸರಿ. ಜಗಲಿಯ ವಿಷಯಕ್ಕೆ ನಾನು ಬರುತ್ತೇನೆ.

ಕೈ ಕಲಸಿಹೋಗಿ ಮುಖ ಸ್ಪಷ್ಟವಾಗಿದೆ ಎಂದಾದರೆ ದೋಷ ಫೋಕಸ್‌ನಲ್ಲಿಲ್ಲ, ಶಟರ್ ವೇಗದಲ್ಲಿ, ಅಂದರೆ ಬೆಳಕು ಒಳಬರುವ ಕಾಲದ ಅಳತೆಯಲ್ಲಿದೆ. ಬಹುತೇಕ ಫೋನುಗಳಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಗಲ, ಬದಲಾಗುವುದಿಲ್ಲ. ಬೆಳಕು ಕಡಿಮೆಯಾದಾಗ ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು, ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯ ಅಂಕೆ) ಏರಿಸುವುದು ಎಂಬ ಎರಡೇ ದಾರಿಗಳು ಫೋನಿಗಿವೆ. ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಶಟರ್ ತೆರೆದಿದ್ದರೆ, ಮೆಟ್ಟುಗತ್ತಿಯ ಮೇಲೆ ಚುರುಕಾಗಿ ಓಡಾಡುವ ಕೈ ಅಷ್ಟರೊಳಗೆ ಸಾಕಷ್ಟು ದೂರ ಸಾಗಿರುತ್ತದೆ. ಇಂತಹ ಕಡೆ ನೈಟ್ ಮೋಡ್ ಹಾಕಲೇಬಾರದು. ಅದು ಅನೇಕ ಚಿತ್ರಗಳನ್ನು ಕೂಡಿಸುವ ತಂತ್ರವಾದ್ದರಿಂದ ಗುಡಿ, ಮನೆ, ನಿಂತ ವಾಹನ ಮುಂತಾದ ಕದಲದ ವಸ್ತುಗಳಿಗೆ ಮಾತ್ರ ಹೊಂದುತ್ತದೆ. ಪ್ರೊ ಮೋಡ್ ಇದ್ದರೆ ಶಟರನ್ನು 1/125ಕ್ಕೆ ನಿಲ್ಲಿಸಿ, ಐಎಸ್‌ಒ ಏರಿಸಿ. ಚಿತ್ರದಲ್ಲಿ ಒಂದಿಷ್ಟು ಕಾಳಿನಂತಹ ಚುಕ್ಕೆಗಳು ಕಾಣಿಸಿಕೊಳ್ಳಬಹುದು. ಕಾಳು ಕಾಳಾದ ಚಿತ್ರವನ್ನು ಜನ ಸಹಿಸುತ್ತಾರೆ, ಕಲಸಿಹೋದದ್ದನ್ನು ಸಹಿಸುವುದಿಲ್ಲ.

ಅದಕ್ಕಿಂತ ಸುಲಭದ ಉಪಾಯವೆಂದರೆ ದೀಪ ಹಾಕುವ ಮೊದಲೇ ತೆಗೆಯುವುದು. ಮಲೆನಾಡಿನ ಜಗಲಿಯ ಮಾಡು ಬಹಳ ತಗ್ಗಿಗೆ ಇಳಿದಿರುವುದರಿಂದ ಬೆಳಕು ಒಂದೇ ಪಕ್ಕದಿಂದ, ಅಂಗಳದಿಂದ, ಒಳಬರುತ್ತದೆ. ಸ್ಟುಡಿಯೊದಲ್ಲಿ ಬಿಳಿ ಕೊಡೆ ಬಿಡಿಸಿ ನಾವು ಹುಟ್ಟಿಸುತ್ತಿದ್ದ ಬೆಳಕಿಗೆ ಅದು ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಸುಲಿಯುವವರನ್ನು ಅಂಚಿನ ಕಂಬದ ಬಳಿ ಕೂರಿಸಿ, ನೀವು ಅಂಗಳಕ್ಕೆ ಬೆನ್ನು ಹಾಕದೆ ಪಕ್ಕದಿಂದ ತೆಗೆಯಿರಿ. ಮುಖದ ಒಂದು ಬದಿ ಬೆಳಗಿ ಮತ್ತೊಂದು ಬದಿ ನೆರಳಿಗೆ ಜಾರುವುದರಿಂದ ವಯಸ್ಸಾದವರ ಮುಖದ ಗೆರೆಗಳು ಸೊಗಸಾಗಿ ಮೂಡುತ್ತವೆ. ಫ್ಲ್ಯಾಶ್ ಹಾಕಿದರೆ ಇದೆಲ್ಲ ಚಪ್ಪಟೆಯಾಗುತ್ತದೆ.

ಮೆಗಾಪಿಕ್ಸೆಲ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. 50 ಮೆಗಾಪಿಕ್ಸೆಲ್ ಎಂದು ಮಾರುವ ಫೋನು ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿ ಕೂಡಿಸಿ 12.5 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಉಳಿಸುತ್ತದೆ. 108ರ ಫೋನು ಒಂಬತ್ತನ್ನು ಕೂಡಿಸಿ 12 ಕೊಡುತ್ತದೆ. ಮಂದ ಬೆಳಕಿನಲ್ಲಿ ಹಾಗೆ ಕೂಡಿಸುವುದೇ ಮೇಲು. ಗೋಡೆಗೆ ಹಾಕುವ 12×18 ಅಂಗುಲದ ಚಿತ್ರಕ್ಕೆ ಅಂಗುಲಕ್ಕೆ 200 ಬಿಂದುಗಳಂತೆ ಲೆಕ್ಕ ಹಾಕಿದರೂ 2400×3600, ಅಂದರೆ ಒಂಬತ್ತು ಮೆಗಾಪಿಕ್ಸೆಲ್ಲಿಗಿಂತ ಕಡಿಮೆ ಸಾಕು. ನಿಮ್ಮ ಫೋನಿನಲ್ಲಿ ಅಷ್ಟು ಖಂಡಿತ ಇದ್ದೀತು. ಆದರೆ ಬೆರಳಿನಿಂದ ಹಿಗ್ಗಿಸಿ ತೆಗೆದ ಚಿತ್ರವನ್ನು ತರಬೇಡಿ. ದೂರದ ವಸ್ತುವಿಗಾಗಿ ಪ್ರತ್ಯೇಕ ಲೆನ್ಸ್ ಇಲ್ಲದ ಫೋನಿನಲ್ಲಿ ಜೂಮ್ ಎಂದರೆ ಕತ್ತರಿಸಿ ದೊಡ್ಡದು ಮಾಡುವುದೇ ಹೊರತು ಬೇರೇನಲ್ಲ. ವಾಟ್ಸಾಪ್‌ನಲ್ಲಿ ಕಳುಹಿಸುವಾಗಲೂ ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಇಲ್ಲವಾದರೆ ಅದು ಕುಗ್ಗಿ ಬರುತ್ತದೆ, ಮುದ್ರಿಸುವವರು ಏನೂ ಮಾಡಲಾಗುವುದಿಲ್ಲ.

ಉತ್ತರ: ಹೊಸನಗರದ ಓದುಗ

ಇವೆಲ್ಲಕ್ಕಿಂತ ಮೊದಲು ರಾ ಕಡತದಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಫೋನು ತಿದ್ದದೆ ಉಳಿಸುವ ಕಡತದಲ್ಲಿ, ತೆಗೆಯುವುದನ್ನು ಕಲಿಯಬೇಕೆಂದು ನನಗನಿಸುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಇಲ್ಲದಿದ್ದರೂ, ಉಚಿತವಾಗಿ ಸಿಗುವ ಓಪನ್ ಕ್ಯಾಮೆರಾ ಎಂಬ ಆ್ಯಪ್ ಮೂಲಕ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಡಿಎನ್‌ಜಿ ಎಂಬ ಬಗೆಯ ರಾ ಕಡತ ಪಡೆಯಬಹುದು, ಸ್ನ್ಯಾಪ್‌ಸೀಡ್‌ನಲ್ಲಿ ಅದನ್ನು ತಿದ್ದಬಹುದು. ಮಂಜು, ನೆರಳು, ಹಸಿರು ಛಾಯೆ ಎಲ್ಲವನ್ನೂ ಆಮೇಲೆ ಸರಿಪಡಿಸಿಕೊಳ್ಳಲು ಸಾಧ್ಯ.

ಉತ್ತರ: ಸಾಗರದ ಹವ್ಯಾಸಿ

ಹೊಸನಗರದವರ ಮಾತನ್ನು ಪೂರ್ತಿ ಒಪ್ಪಲಾರೆ. ರಾ ಕಡತದಲ್ಲಿ ನೆರಳಿನಿಂದ ವಿವರಗಳನ್ನು ಮೇಲೆತ್ತಬಹುದು, ಬಣ್ಣವನ್ನು ಧಾರಾಳವಾಗಿ ತಿದ್ದಬಹುದು ಎಂಬುದು ನಿಜ. ಆದರೆ ಪೂರ್ತಿ ಬಿಳಿಚಿಹೋದ ಜಾಗದಲ್ಲಿ ತಿದ್ದಲು ಏನೂ ಉಳಿದಿರುವುದಿಲ್ಲ. ಅಲ್ಲದೆ ಒಂದೇ ಚಿತ್ರದ ಆ ಕಡತದಲ್ಲಿ ಫೋನು ಹಲವು ಚಿತ್ರಗಳನ್ನು ಬೆಸೆದು ಗಳಿಸುವ ಲಾಭವೂ ಸಾಮಾನ್ಯವಾಗಿ ಇರುವುದಿಲ್ಲ. ತೆಗೆಯುವಾಗಲೇ ಬೆಳಕನ್ನು ಹದ ಮಾಡುವುದು ಕೈಗೆ ಹತ್ತಿದ ಮೇಲೆ ರಾ ಕಡೆ ಹೋದರೆ ಪ್ರಯೋಜನ ಹೆಚ್ಚು.

ಪ್ರಶ್ನೆ ಕೇಳಿದವರು: ತೀರ್ಥಹಳ್ಳಿ ಕಡೆಯವಳು

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಗ್ಗೆ ಗುಡ್ಡದ ಕಡೆ ಫೋನು ಹಿಡಿದು ಪಟ್ಟಿಯನ್ನು ಮೇಲಕ್ಕೆ ಜಾರಿಸಿದೆ. ಮಂಜು ಬೆಳ್ಳಗೆ ಬಂದಿತು. ಆದರೆ ಅದರೊಳಗಿನ ಮರಗಳು ತೀರ ತೆಳುವಾಗಿ ಕಾಣುತ್ತಿವೆ, ಅದು ಹೀಗೆಯೇ ಇರಬೇಕೇ? ಮತ್ತೆರಡು ಪ್ರಶ್ನೆಗಳಿವೆ. ಮುಂದಿನ ವಾರ ನೆಂಟರೊಂದಿಗೆ ಜೋಗಕ್ಕೆ ಹೋಗುತ್ತಿದ್ದೇವೆ. ನೀರು ಹಾಲಿನಂತೆ ಇಳಿಯುವ ಚಿತ್ರವನ್ನು ಫೋನಿನಲ್ಲಿ ತೆಗೆಯಬಹುದೇ? ಮಳೆ ಮುಗಿದ ಮೇಲೆ ನಮ್ಮೂರಿನಲ್ಲಿ ಬಯಲಾಟ ಇರುತ್ತದೆ. ಕಳೆದ ಬಾರಿ ವೇಷಗಳ ಮೇಲೆಲ್ಲ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದಿದ್ದವು.

ಉತ್ತರ: ಸಾಗರದ ಹವ್ಯಾಸಿ

ಮರಗಳು ತೆಳುವಾಗಿ ಕಾಣುವುದು ಮಂಜಿನ ಸ್ವಭಾವ, ಅದನ್ನು ಅಳಿಸಬೇಡಿ. ಹತ್ತಿರದಲ್ಲಿ ಕಪ್ಪಾದ ಒಂದು ವಸ್ತುವನ್ನು, ಬೇಲಿಯ ಗೂಟವನ್ನೋ ಬಾಗಿದ ಕೊಂಬೆಯನ್ನೋ, ಚೌಕಟ್ಟಿನೊಳಗೆ ತಂದರೆ ಹಿಂದಿನ ಮಸುಕಿಗೆ ಆಳ ಬರುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಿ ಕಾಂಟ್ರಾಸ್ಟ್ ಸ್ವಲ್ಪವೇ ಏರಿಸಬಹುದು.

ಜೋಗದ ವಿಷಯ. ನೀರು ನೂಲಿನಂತೆ ನಯವಾಗಿ ಬರಬೇಕಾದರೆ ಶಟರ್ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ತೆರೆದಿರಬೇಕು. ಎಫ್/1.8 ಅಪರ್ಚರಿನ ಫೋನಿನಲ್ಲಿ ಐಎಸ್‌ಒವನ್ನು 50ಕ್ಕೆ ಇಳಿಸಿದರೂ ಒಳ್ಳೆಯ ಬಿಸಿಲಿನಲ್ಲಿ ಸರಿಯಾದ ಶಟರ್ ವೇಗ 1/4000ರ ಆಸುಪಾಸಿನಲ್ಲಿರುತ್ತದೆ. ಅಂದರೆ ಕಾಲು ಸೆಕೆಂಡು ತೆರೆದಿಟ್ಟರೆ ಬೇಕಾದುದಕ್ಕಿಂತ ಸಾವಿರ ಪಟ್ಟು ಬೆಳಕು ಒಳನುಗ್ಗಿ ಚಿತ್ರ ಬರಿಯ ಬಿಳಿಯಾಗುತ್ತದೆ. ಆದ್ದರಿಂದ ಒಂದೋ ಲೆನ್ಸಿನ ಮುಂದೆ ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಬೇಕು, ಇಲ್ಲವೇ ಕತ್ತಲಾಗುವ ಹೊತ್ತಿಗೆ ಟ್ರೈಪಾಡ್ ಮೇಲಿಟ್ಟು ತೆಗೆಯಬೇಕು. ನೆಂಟರಲ್ಲಿ ಯಾರ ಬಳಿಯಾದರೂ ಐಫೋನ್ ಇದ್ದರೆ ಲೈವ್ ಫೋಟೊ ತೆಗೆದು, ಆಮೇಲೆ ಅದರಲ್ಲಿ ಲಾಂಗ್ ಎಕ್ಸ್‌ಪೋಶರ್ ಆಯ್ದುಕೊಂಡರೆ ಫೋನೇ ಆ ಕೆಲಸ ಮಾಡಿಕೊಡುತ್ತದೆ.

ನನ್ನನ್ನು ಕೇಳಿದರೆ ಮಳೆಗಾಲದ ಜೋಗಕ್ಕೆ ಆ ಹಾಲಿನ ನಯ ಒಪ್ಪುವುದೇ ಇಲ್ಲ. 253 ಮೀಟರ್ ಮೇಲಿನಿಂದ ಧುಮುಕುವ ರಾಜಾ ಧಾರೆಯ ಅಬ್ಬರ ಕಾಣಬೇಕಾದರೆ ನೀರು ಒಡೆದು ಚಿಮ್ಮುವುದು ಕಾಣಬೇಕು. ಬೆಳ್ಳನೆಯ ನೀರಿನ ಮೇಲೆ ಬೆರಳಿಟ್ಟು ಬೆಳಕನ್ನು ಒಂದಿಷ್ಟು ಇಳಿಸಿ. ಮಂಜಿಗೆ ಏರಿಸಿದ್ದೇವೆಂದು ಇಲ್ಲಿಯೂ ಏರಿಸಿದರೆ ನೊರೆಯ ಎಳೆಗಳು ಕಳೆದುಹೋಗುತ್ತವೆ, ಏಕೆಂದರೆ ಇಲ್ಲಿ ಸುತ್ತಲೂ ಕಪ್ಪು ಬಂಡೆಯಿದೆ. ಕಾಮನಬಿಲ್ಲು ಬೇಕಿದ್ದರೆ ಸೂರ್ಯ ನಿಮ್ಮ ಬೆನ್ನಿಗಿರುವ ಹೊತ್ತನ್ನು ಆರಿಸಿಕೊಳ್ಳಿ. ಎದುರು ಬಿಸಿಲಿನಲ್ಲಿ ಅದು ಮೂಡುವುದಿಲ್ಲ.

ಉತ್ತರ: ಶಿವಮೊಗ್ಗದ ಹಳೆಯ ಸ್ಟುಡಿಯೊದವರು

ಬಯಲಾಟದ ಪಟ್ಟೆಗಳಿಗೆ ಕಾರಣ ರಂಗದ ದೀಪಗಳು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದಿದ್ದರೂ ಚಿತ್ರವನ್ನು ಸಾಲು ಸಾಲಾಗಿ ಓದುವ ಫೋನಿನ ಸೆನ್ಸರ್‌ಗೆ ಕಾಣುತ್ತದೆ. ಶಟರನ್ನು 1/100ಕ್ಕೆ ಅಥವಾ 1/50ಕ್ಕೆ ಹಾಕಿದರೆ ಪ್ರತಿ ಸಾಲಿಗೂ ಪೂರ್ತಿ ಮಿನುಗುಗಳೇ ಸಿಕ್ಕಿ ಪಟ್ಟೆಗಳು ಮಾಯವಾಗುತ್ತವೆ.

ಆದರೆ 1/100ರಲ್ಲಿ ಗಿರ್ಕಿ ಹೊಡೆಯುವ ವೇಷ ನಿಲ್ಲುವುದಿಲ್ಲ. ಅದಕ್ಕೆ ಭಾಗವತರ ಪದ್ಯವನ್ನು ಕೇಳುತ್ತಿರಬೇಕು. ಪದ್ಯ ಮುಗಿದು ಚೆಂಡೆ ಕೊನೆಯ ಪೆಟ್ಟಿಗೆ ಬರುವಾಗ ಕಲಾವಿದರು ಒಂದು ಭಂಗಿಯಲ್ಲಿ ಕ್ಷಣಕಾಲ ನಿಲ್ಲುತ್ತಾರೆ, ಅರ್ಥ ಹೇಳಲು ತೊಡಗುವ ಮೊದಲು. ಬೆರಳು ಆ ಹೊತ್ತಿಗೆ ಸಿದ್ಧವಿರಲಿ. ಹಿನ್ನೆಲೆಯ ಕತ್ತಲು ಹೆಚ್ಚಿರುವುದರಿಂದ ಫೋನು ಮುಖದ ಬಣ್ಣವನ್ನು ಬಿಳಿಚಿಸುತ್ತದೆ. ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಇಳಿಸಿಕೊಳ್ಳಿ.

ಉತ್ತರ: ಆಗುಂಬೆಯ ಹತ್ತಿರದವನು

ಒಂದು ಮಾತು ಉಳಿದಿದೆ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಜೋಗದಲ್ಲಿ ತೆಗೆಯಲು ಹೋಗಬೇಡಿ. ತಣ್ಣಗಿರುವ ಗಾಜಿನ ಮೇಲೆ ಹೊರಗಿನ ತೇವ ಕೂರುತ್ತದೆ, ಎಲ್ಲವೂ ಮಸುಕಾಗಿ ಬರುತ್ತದೆ. ಒರೆಸಿದರೂ ಮತ್ತೆ ಕೂರುತ್ತದೆ. ಜೋಗ ತಲುಪುವ ಮೊದಲೇ ಎಸಿ ನಿಲ್ಲಿಸಿ ಕಿಟಕಿ ಇಳಿಸಿದರೆ ಫೋನು ಹೊರಗಿನ ಬಿಸುಪಿಗೆ ಹೊಂದಿಕೊಳ್ಳುತ್ತದೆ. ಒರೆಸಲು ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಒಳ್ಳೆಯದು, ಒದ್ದೆ ಜಾಕೆಟ್ಟಿನ ತೋಳಲ್ಲ. ಕ್ಯಾಮೆರಾದ ಮೇಲೂ ಗಾಜು ಮುಚ್ಚುವ ಬಗೆಯ ಕವರ್ ಹಾಕಿದ್ದರೆ ಮಳೆಗಾಲ ಮುಗಿಯುವವರೆಗೆ ಅದನ್ನು ತೆಗೆದಿಡಿ. ಆ ಎರಡು ಗಾಜುಗಳ ನಡುವೆ ಸೇರಿದ ತೇವವನ್ನು ಯಾವ ಬಟ್ಟೆಯಿಂದಲೂ ಒರೆಸಲಾಗುವುದಿಲ್ಲ. ಫೋನು ನೆನೆದರೆ ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬಾರದು, ಒಲೆಯ ಹತ್ತಿರವೂ ಇಡಬಾರದು.