ಮೆಟ್ರೋದ ಅರ್ಧ ಗಂಟೆಯಲ್ಲಿ ಜಾವಾಸ್ಕ್ರಿಪ್ಟ್: ಏನು ಓದಬೇಕು, ಏನು ಬಿಡಿಸಬೇಕು?

ಪ್ರಶ್ನೆ:
ವೈಟ್‌ಫೀಲ್ಡ್‌ನಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಹೋಗೋವಾಗ ದಿನಾ ಅರ್ಧ ಗಂಟೆ ಸಿಗುತ್ತೆ. ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದೇನು ಬಂತು ಅಂತ ತಿಳ್ಕೊಳ್ಳೋಕೆ ಏನು ಓದಲಿ? ಸಣ್ಣ ಒಗಟುಗಳೂ ಬೇಕು.

ಉತ್ತರ 1:
ಸುದ್ದಿಗೆ ವಾರಕ್ಕೊಂದು ದಿನ ಸಾಕು. ಜಾವಾಸ್ಕ್ರಿಪ್ಟ್ ವೀಕ್ಲಿ ಅನ್ನೋ ಸುದ್ದಿಪತ್ರ ವಾರಕ್ಕೊಮ್ಮೆ ಮೇಲ್‌ಗೇ ಬರುತ್ತೆ. ಹೊಸ ಫೀಚರ್ ಕಂಡ ತಕ್ಷಣ ಪ್ರಾಜೆಕ್ಟ್‌ಗೆ ಹಾಕ್ಬೇಡಿ. ಎಂಡಿಎನ್ (ವೆಬ್ ಡೆವಲಪರ್‌ಗಳ ಆನ್‌ಲೈನ್ ಕೈಪಿಡಿ) ಪುಟದ ಮೇಲ್ಭಾಗದಲ್ಲಿ ಬೇಸ್‌ಲೈನ್ ಗುರುತು ನೋಡಿ; ಆ ಫೀಚರ್ ಬ್ರೌಸರ್‌ಗಳಲ್ಲಿ ಎಷ್ಟರ ಮಟ್ಟಿಗೆ ಸಿಗುತ್ತೆ ಅಂತ ಅದು ಹೇಳುತ್ತೆ. ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಬಂದು 30 ತಿಂಗಳಾದ ಮೇಲಷ್ಟೇ ಅದು 'ವೈಡ್ಲಿ ಅವೈಲಬಲ್' (ವ್ಯಾಪಕವಾಗಿ ಲಭ್ಯ) ಆಗೋದು. ಹಳೇ ಫೋನಿನ ಗ್ರಾಹಕರಿದ್ರೆ ಅಲ್ಲಿವರೆಗೆ ಕಾಯೋದೇ ವಾಸಿ.

ಉತ್ತರ 2:
ಒಗಟಿಗೆ ಇದನ್ನ ತಗೊಳ್ಳಿ: 10, 9, 1 ಇರೋ ಅರೇ (ಪಟ್ಟಿ) ಮೇಲೆ ಬರೀ ಸಾರ್ಟ್ (ಕ್ರಮವಾಗಿ ಜೋಡಿಸೋ ಫಂಕ್ಷನ್) ಕರೆದ್ರೆ 1, 10, 9 ಬರುತ್ತೆ. ಯಾಕೆ? ಹೋಲಿಸೋ ಫಂಕ್ಷನ್ ಕೊಡದಿದ್ರೆ ಅದು ಅಂಕಿಗಳನ್ನ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡ್ಕೊಂಡು ನೋಡುತ್ತೆ; '10'ರ ಮೊದಲ ಅಕ್ಷರ '1', ಅದು '9'ಕ್ಕಿಂತ ಮುಂಚೆ. ಹೋಲಿಸೋ ಎರಡು ಅಂಕಿ ಎ, ಬಿ ಅಂದ್ಕೊಂಡು 'ಎ ಮೈನಸ್ ಬಿ' ಹಿಂತಿರುಗಿಸೋ ಫಂಕ್ಷನ್ ಕೊಟ್ರೆ ಸರಿಹೋಗುತ್ತೆ. ರನ್ ಮಾಡೋ ಮುಂಚೆ ನಿಮ್ಮ ಉತ್ತರ ಬರೆದಿಡಿ, ಇಲ್ಲಾಂದ್ರೆ ಏನೂ ತಲೆಗೆ ಹತ್ತಲ್ಲ.

ಉತ್ತರ 3:
ಇನ್ನೊಂದು ಸೇರಿಸ್ತೀನಿ. ಸಾರ್ಟ್ ಮೂಲ ಅರೇಯನ್ನೇ ಬದಲಿಸುತ್ತೆ. ರಿಯಾಕ್ಟ್ ಸ್ಟೇಟ್ (ಪರದೆ ಕಟ್ಟೋ ಲೈಬ್ರರಿ ರಿಯಾಕ್ಟ್ ನೆನಪಿಟ್ಕೊಳ್ಳೋ ಡೇಟಾ) ಮೇಲೆ ಹಾಗೆ ಮಾಡಿ ಅದನ್ನೇ ವಾಪಸ್ ಸೆಟ್ ಮಾಡಿದ್ರೆ ರೆಫರೆನ್ಸ್ (ಅರೇ ಎಲ್ಲಿದೆ ಅಂತ ತೋರಿಸೋ ಗುರುತು) ಹಳೆಯದೇ ಇರೋದ್ರಿಂದ ಪರದೆ ಬದಲಾಗಲ್ಲ. ಇಎಸ್ 2023ರಲ್ಲಿ (ಜಾವಾಸ್ಕ್ರಿಪ್ಟ್‌ನ 2023ರ ಆವೃತ್ತಿ) ಬಂದ ಟುಸಾರ್ಟೆಡ್ ಹೊಸ ಪ್ರತಿ ಕೊಡುತ್ತೆ.