ಕೆಳಗೆ ನಾವು, ಮೇಲೆ ಬಾಡಿಗೆಯವರು: 48 ಲಕ್ಷದ ಮನೆ ಕೊಳ್ಳಬಹುದೇ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪ್ರೌಢಶಾಲಾ ಶಿಕ್ಷಕ. ಕೈಗೆ ಬರುವ ಸಂಬಳ 60,000 ರೂಪಾಯಿ, ಕೂಡಿಟ್ಟ ಹಣ 13 ಲಕ್ಷ. ಸೇಡಂ ರಸ್ತೆಯ ಕಡೆ ಎರಡು ಅಂತಸ್ತಿನ ಮನೆಯೊಂದು 48 ಲಕ್ಷಕ್ಕೆ ಮಾರಾಟಕ್ಕಿದೆ. ಕೆಳಗೆ ನಾವಿದ್ದು ಮೇಲಿನದನ್ನು 9,000 ರೂಪಾಯಿಗೆ ಬಾಡಿಗೆ ಕೊಟ್ಟರೆ ಸಾಲದ ಕಂತಿಗೆ ಆಸರೆಯಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಇದು ಸರಿಯೇ ಸರ್? ಬಾಡಿಗೆಯ ಮೇಲೆ ಆದಾಯ ತೆರಿಗೆ ಎಷ್ಟಾಗುತ್ತದೆ?

ಉತ್ತರ (ಲೆಕ್ಕ ಪರಿಶೋಧಕರು): ಮಾಸ್ತರರೇ, ತೆರಿಗೆಯ ಚಿಂತೆ ಆಮೇಲೆ, ಮೊದಲು ಕೈಯಲ್ಲಿರುವ ಹಣವನ್ನು ನೋಡೋಣ. 30 ಲಕ್ಷ ಮೀರಿ 75 ಲಕ್ಷದವರೆಗಿನ ಗೃಹಸಾಲವಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಬೆಲೆಯ ಶೇ. 80ರಷ್ಟು, ಅಂದರೆ 38.4 ಲಕ್ಷ ಮಾತ್ರ ಸಿಗಬಹುದು. ನೋಂದಣಿಯ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6 ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ. 2ಕ್ಕೇರಿದ ನೋಂದಣಿ ಶುಲ್ಕ, ಎರಡೂ ಕೂಡಿ ಸುಮಾರು 3.65 ಲಕ್ಷವಾಗುತ್ತದೆ. ನಿಮ್ಮ ಪಾಲಿನ 9.6 ಲಕ್ಷಕ್ಕೆ ಇದನ್ನು ಸೇರಿಸಿದರೆ 13.25 ಲಕ್ಷ, ಕೂಡಿಟ್ಟದ್ದೆಲ್ಲ ಬಳಿದು ಕೊಟ್ಟರೂ ಸಾಲದು, ಸುಣ್ಣ-ಬಣ್ಣದ ಮಾತಂತೂ ದೂರವೇ ಉಳಿಯಿತು.

ಶೇ. 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 33,300 ರೂಪಾಯಿ, ನಿಮ್ಮ ಸಂಬಳದ ಅರ್ಧಕ್ಕಿಂತ ಹೆಚ್ಚು. ಗುಲಬರ್ಗಾ ವಿಶ್ವವಿದ್ಯಾಲಯ, ಇಎಸ್‌ಐ ಆಸ್ಪತ್ರೆ ಆ ಕಡೆಯೇ ಇರುವುದರಿಂದ ಬಾಡಿಗೆಗೆ ಜನ ಸಿಗುತ್ತಾರೆ, ನಿಜ. ಆದರೆ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಕಾದ ಸ್ಲ್ಯಾಬಿನ ಕೆಳಗೆ ವಾಸಿಸುವುದು ಹೇಗಿರುತ್ತದೆಂಬುದು ನಿಮಗೂ ಗೊತ್ತು. ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಹಿಡಿಯಿರಿ ಎಂದು ನಾನು ಹೇಳುವುದು ಅದಕ್ಕೇ. ಬಾಡಿಗೆಯೇ ಇಲ್ಲದಿದ್ದರೂ ಕಂತು ಕಟ್ಟಬಲ್ಲಿರಾದರೆ ಮಾತ್ರ ಮುಂದುವರಿಯಿರಿ.

ತೆರಿಗೆಯ ಭಯ ಬೇಡ. ಪಾಲಿಕೆಗೆ ಕಟ್ಟಿದ ಮನೆ ತೆರಿಗೆಯನ್ನು ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ರಷ್ಟು ದುರಸ್ತಿ ಮುಂತಾದವುಗಳಿಗೆಂದು ಬಿಡುತ್ತಾರೆ. ಸಾಲದ ಬಡ್ಡಿಯಲ್ಲಿ ಮೇಲಂತಸ್ತಿನ ಪಾಲೂ ಕಳೆಯುತ್ತದೆ. ಮೊದಲ ವರ್ಷ ಬಡ್ಡಿಯೇ ಮೂರು ಲಕ್ಷ ದಾಟುವುದರಿಂದ, ಅರ್ಧ ಭಾಗವನ್ನು ಹಿಡಿದರೂ ತೆರಿಗೆಗೆ ಒಳಪಡುವ ಬಾಡಿಗೆ ಉಳಿಯುವುದಿಲ್ಲ. ನೀವು ವಾಸಿಸುವ ಭಾಗದ ಬಡ್ಡಿಗೆ ಮಾತ್ರ ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಯಿಲ್ಲ. ಹಳೆಯದರಲ್ಲಿ 2 ಲಕ್ಷದವರೆಗೆ ಇದೆ.

ಮೇಲಂತಸ್ತಿಗೆ ಜೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೇ ನೋಡಿ. ಒಂದೇ ಮೀಟರಾದರೆ ಗೃಹಜ್ಯೋತಿಯೂ ಒಂದೇ ಮನೆಗೆ, ತಿಂಗಳ ಬಿಲ್ಲಿನ ಜಗಳ ಮಾತ್ರ ಎರಡೂ ಮನೆಗೆ.

ಪ್ರಶ್ನೆ: ಇ-ಖಾತೆಯಲ್ಲಿ ಕೆಳಗಿನ ಅಂತಸ್ತು ಮಾತ್ರ ಇದೆ. ಮೇಲಿನದನ್ನು ಆಮೇಲೆ ಕಟ್ಟಿಸಿದ್ದೇವೆ, ಖರೀದಿಯಾದ ಮೇಲೆ ನೀವೇ ಸೇರಿಸಿಕೊಳ್ಳಿ ಎಂದು ಮಾರುವವರು ಹೇಳುತ್ತಿದ್ದಾರೆ.

ಉತ್ತರ: ಹಾಗಿದ್ದರೆ ಮುಂಗಡ ಕೊಡಬೇಡಿ. ಮಂಜೂರಾದ ನಕ್ಷೆಯಲ್ಲಿ ಇಲ್ಲದ ಕಟ್ಟಡಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಬೆಲೆ ಕಟ್ಟದಿದ್ದರೆ ಸಾಲ 38.4 ಲಕ್ಷಕ್ಕಿಂತ ಬಹಳ ಕೆಳಗಿಳಿಯುತ್ತದೆ, ಆದರೆ ಮಾರುವವರು 48 ಲಕ್ಷವನ್ನೇ ಕೇಳುತ್ತಾರೆ. ಪಾಲಿಕೆಯಲ್ಲಿ ಮೇಲಂತಸ್ತನ್ನು ಅವರೇ ಸಕ್ರಮ ಮಾಡಿಸಿ, ಖಾತೆಗೆ ಸೇರಿಸಿ ತರಲಿ. ಆಗದಿದ್ದರೆ ಒಂದೇ ಅಂತಸ್ತಿನ ಬೆಲೆಗೆ ಮಾತಾಡಿ.