ಐದು ವಾರದ ಜವಾರಿ ಮರಿಗಳಲ್ಲಿ ಹುಂಜ ಯಾವುದು, ಹೇಟೆ ಯಾವುದು?

ಪ್ರಶ್ನೆ (ಆಳಂದ ತಾಲ್ಲೂಕು):
ಎಲ್ಲರಿಗೂ ಶರಣು. ಎರಡು ಜವಾರಿ ಕೋಳಿಗಳನ್ನು ಒಂದೇ ದಿನ ಕಾವಿಗೆ ಕೂಡಿಸಿದ್ದೆ. ಹತ್ತೊಂಬತ್ತು ಮರಿಗಳು ಉಳಿದಿದ್ದು, ಈಗ ಅವಕ್ಕೆ ಐದು ವಾರ ತುಂಬಿದೆ. ಹೇಟೆಗಳನ್ನು ತತ್ತಿಗಾಗಿ ಇಟ್ಟುಕೊಂಡು ಹುಂಜಗಳನ್ನು ಸಂತೆಗೆ ಒಯ್ಯಬೇಕೆಂದಿದ್ದೇನೆ. ಚೂಪು ತತ್ತಿಯಲ್ಲಿ ಹುಂಜ, ದುಂಡು ತತ್ತಿಯಲ್ಲಿ ಹೇಟೆ ಎಂದು ನಮ್ಮ ಅತ್ತೆಯವರು ದುಂಡನೆಯವನ್ನೇ ಆರಿಸಿ ಇಟ್ಟಿದ್ದರು. ಆದರೂ ಕೆಲವು ಮರಿಗಳು ಎದೆಯುಬ್ಬಿಸಿ ಒಂದಕ್ಕೊಂದು ಎದುರು ನಿಲ್ಲುತ್ತಿವೆ. ರೆಕ್ಕೆ ಬಿಡಿಸಿ ನೋಡಿದರೆ ತಿಳಿಯುತ್ತದೆ ಎಂದೂ ಒಬ್ಬರು ಹೇಳಿದರು. ಯಾವುದನ್ನು ನಂಬಲಿ?

ಉತ್ತರ (ಭಾಲ್ಕಿ):
ಅಕ್ಕನವರೇ, ತತ್ತಿಯ ಆಕಾರವನ್ನು ನಂಬಬೇಡಿ. ಅದು ತಾಯಿಕೋಳಿಯ ಅಂಡನಾಳದಲ್ಲಿ ಮೂಡುವಂಥದ್ದು. ಮರಿಯ ಲಿಂಗವಾದರೋ ಅದಕ್ಕೂ ಮೊದಲೇ, ತಾಯಿ ಕೊಡುವ ವರ್ಣತಂತುವಿನಿಂದ ನಿಶ್ಚಯವಾಗಿರುತ್ತದೆ. ಝಡ್ ಎಂಬ ವರ್ಣತಂತು ಬಂದರೆ ಹುಂಜ, ಡಬ್ಲ್ಯೂ ಎಂಬುದು ಬಂದರೆ ಹೇಟೆ. ಎದುರು ನಿಲ್ಲುವುದನ್ನೂ ಗುರುತಾಗಿ ಹಿಡಿಯಬೇಡಿ, ಈ ವಯಸ್ಸಿನಲ್ಲಿ ಹೇಟೆಗಳೂ ಕಾದಾಡುತ್ತವೆ. ಇನ್ನೆರಡು ಮೂರು ವಾರ ತಾಳಿ, ಬೆಳಗಿನ ಬೆಳಕಿನಲ್ಲಿ ಮರಿಗಳನ್ನು ಅಕ್ಕಪಕ್ಕ ಹಿಡಿದು ನೋಡಿ. ಹುಂಜದ ಜುಟ್ಟು ಬುಡದಿಂದಲೇ ದಪ್ಪವಾಗಿ ಕೆಂಪೇರಿರುತ್ತದೆ, ಗದ್ದದ ಕೆಳಗಿನ ಜೋಲು ಇಣುಕಿರುತ್ತದೆ, ಕಾಲೂ ಗಟ್ಟಿಯಾಗಿರುತ್ತದೆ. ಹೇಟೆಯ ಜುಟ್ಟು ಇನ್ನೂ ತೆಳುವಾಗಿ, ಹಳದಿ ಬೆರೆತ ತಿಳಿಗುಲಾಬಿ ಬಣ್ಣದಲ್ಲಿರುತ್ತದೆ.

ಉತ್ತರ (ಶಹಾಪುರ):
ರೆಕ್ಕೆ ನೋಡುವ ವಿಧಾನ ಸುಳ್ಳಲ್ಲ, ಆದರೆ ನಿಮ್ಮ ಮರಿಗಳಿಗೆ ಸಲ್ಲುವುದಿಲ್ಲ. ಬೇಗ ಗರಿ ಬರುವ ಹುಂಜವನ್ನು ನಿಧಾನವಾಗಿ ಗರಿ ಬರುವ ಹೇಟೆಯೊಂದಿಗೆ ಕೂಡಿಸಿ ಹ್ಯಾಚರಿಯವರು ಬೆಳೆಸಿದ ತಳಿಗಳಲ್ಲಿ ಮಾತ್ರ, ಅದೂ ಹುಟ್ಟಿದ ಮೊದಲ ಒಂದೆರಡು ದಿನಗಳಲ್ಲಿ, ರೆಕ್ಕೆಗರಿಯ ಉದ್ದದಿಂದ ಹೇಟೆಮರಿಯನ್ನು ಗುರುತಿಸಬಹುದು. ಇನ್ನು ಗುದದ್ವಾರವನ್ನು ಒತ್ತಿ ನೋಡುವ ವಿದ್ಯೆ ಜಪಾನಿನಲ್ಲಿ 1920ರ ದಶಕದಲ್ಲಿ ರೂಪುಗೊಂಡದ್ದು. ಅದಕ್ಕೆ ದೀರ್ಘ ತರಬೇತಿ ಬೇಕು. ಯಾರೋ ತೋರಿಸಿದ್ದನ್ನು ನಂಬಿ ನಾನೂ ಒಮ್ಮೆ ಒತ್ತಿ ನೋಡಿ, ಎರಡು ಮರಿಗಳನ್ನು ಕಳೆದುಕೊಂಡೆ. ಆ ನೋವು ಇಂದಿಗೂ ಇದೆ. ದಯವಿಟ್ಟು ಮನೆಯಲ್ಲಿ ಅದನ್ನು ಮಾಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಶರಣಾರ್ಥಿ. ನಾಲ್ಕು ಮರಿಗಳ ಜುಟ್ಟು ನೆತ್ತಿಗಂಟಿದ ಸಣ್ಣ ಗಂಟಿನಂತಿದೆ, ಇನ್ನೊಂದು ಮರಿಯದು ಪೂರ್ತಿ ಕಪ್ಪು. ಇವನ್ನು ಹೇಗೆ ತಿಳಿಯುವುದು?

ಉತ್ತರ (ಭಾಲ್ಕಿ):
ಗಂಟುಜುಟ್ಟು ನಿಧಾನವಾಗಿ ಬೆಳೆಯುತ್ತದೆ, ಕಪ್ಪು ಜುಟ್ಟಿನಲ್ಲಿ ಕೆಂಪು ಕಾಣುವುದೇ ಇಲ್ಲ. ಆ ಐದನ್ನು ಮೂರು ತಿಂಗಳು ತುಂಬುವವರೆಗೆ ಮಾರಬೇಡಿ. ಆಗ ಬಾಲದ ಬುಡದಲ್ಲಿ, ಬೆನ್ನಿನ ಮೇಲಿನ ಗರಿಗಳನ್ನು ಬೆರಳಿನಿಂದ ಸರಿಸಿ ನೋಡಿ: ತುದಿ ಚೂಪಾಗಿ, ಮಿಂಚುತ್ತ ಇಳಿಬಿದ್ದಿದ್ದರೆ ಹುಂಜ, ತುದಿ ದುಂಡಗಿದ್ದರೆ ಹೇಟೆ. ನಾನು ಇಷ್ಟು ವರ್ಷಗಳಲ್ಲಿ ಹೆಚ್ಚು ನಂಬಿದ ಗುರುತು ಇದೇ. ಅಲ್ಲಿಯವರೆಗೆ ಅನುಮಾನದ ಮರಿಗಳ ಕಾಲಿಗೆ ಬಣ್ಣದ ದಾರ ಕಟ್ಟಿಡಿ, ಆದರೆ ಕಾಲು ದಪ್ಪವಾಗುತ್ತ ಹೋಗುವುದರಿಂದ ವಾರಕ್ಕೊಮ್ಮೆ ಅದನ್ನು ಬಿಚ್ಚಿ ಸಡಿಲವಾಗಿ ಕಟ್ಟಬೇಕು.